ಮೊದಲ ಬೆಟ್ಟ ಯಾವುದಾಗಬೇಕು?

ನಮ್ಮ ತರಗತಿಯಿಂದ ಎರಡು ದಿನಗಳ ಬೆಟ್ಟದ ಪ್ರವಾಸವೊಂದನ್ನು ಕೈಗೊಳ್ಳಬೇಕೆಂಬ ಮಾತು ಈ ವರ್ಷವಿಡೀ ನಡೆಯಿತು. ಹೋಗಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎಲ್ಲಿಗೆ ಎಂಬಲ್ಲಿಯೇ ತಕರಾರು. ಬಹುಮಂದಿ ಮಿತ್ರರ ಒಲವು ಕುಮಾರಪರ್ವತದ ಕಡೆಗೆ. ಬೆನ್ನಿಗೆ ಚೀಲ ಹೊತ್ತು ಒಮ್ಮೆಯೂ ನಡೆಯದವರು ಪೀಣ್ಯದಿಂದ ಹೊರಡುವಾಗ ಆರಿಸಿಕೊಳ್ಳಬೇಕಾದ ಬೆಟ್ಟ ಶಿವಗಂಗೆಯೇ ಎಂಬುದು ನನ್ನ ಅಭಿಪ್ರಾಯ. ಅದು ಅಜ್ಜಿಯರು ಹತ್ತುವ ಬೆಟ್ಟವೆಂದು ನಕ್ಕವರೂ ಉಂಟು. ಅಜ್ಜಿಯರು ಹತ್ತಬಲ್ಲರೆಂಬುದು ಬೆಟ್ಟದ ದೋಷ ಹೇಗಾದೀತೋ ನಾನರಿಯೆ.

ಎತ್ತರದ ಅಂಕೆ ಹೊಸಬರನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಕುಮಾರಪರ್ವತ 1,712 ಮೀಟರು. ಶಿವಗಂಗೆ 1,300 ಮೀಟರಿಗೆ ಮೇಲ್ಪಟ್ಟದ್ದು. ಕಾಗದದ ಮೇಲೆ ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ನಮ್ಮ ಬೆಂಗಳೂರಿನ ಬಯಲೇ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಆದ್ದರಿಂದ ಶಿವಗಂಗೆಯಲ್ಲಿ ನಾವು ಏರಬೇಕಾದದ್ದು ಕೆಲವು ನೂರು ಮೀಟರು ಮಾತ್ರ. ಕುಕ್ಕೆ ಸುಬ್ರಹ್ಮಣ್ಯವಾದರೋ ಘಟ್ಟದ ಬುಡದ ಊರು; ಅಲ್ಲಿಂದ ತುದಿಗೆ ಸುಮಾರು 1,500 ಮೀಟರು ಏರಬೇಕು, ಅಷ್ಟನ್ನೂ ಮತ್ತೆ ಇಳಿಯಬೇಕು. ಹತ್ತುವಾಗ ಎದೆ ದಣಿದರೆ ಇಳಿಯುವಾಗ ಮೊಣಕಾಲು ಅಳುತ್ತದೆ. 2024ರ ಜನವರಿಯ ಕೊನೆಯ ರಜೆಗಳಲ್ಲಿ ಅಲ್ಲಿ ಸಾವಿರಾರು ಜನ ಒಮ್ಮೆಗೇ ನೆರೆದು, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರವು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. (ಹಿರಿಯರು ಬೆಟ್ಟ ಹತ್ತುವುದೆಂದಷ್ಟೇ ಹೇಳುತ್ತಿದ್ದುದಕ್ಕೆ ಈಗ ಚಾರಣವೆಂಬ ಗಂಭೀರ ನಾಮಧೇಯ.)

ಹತ್ತಿರದಲ್ಲಿ ಬೇರೆ ಬೆಟ್ಟಗಳಿಲ್ಲವೆಂದಲ್ಲ. ಮಾಗಡಿಯ ಬಳಿಯ ಸಾವನದುರ್ಗ ಬೋಳು ಬಂಡೆ. ಮಳೆ ಬಿದ್ದರೆ ಜಾರುತ್ತದೆ. ದೊಡ್ಡಬಳ್ಳಾಪುರದಾಚೆಯ ಮಾಕಳಿದುರ್ಗಕ್ಕೆ ಹೋಗುವವರು ರೈಲುಹಳಿಯ ಮೇಲೆ ನಡೆಯುವುದನ್ನೇ ಸಾಹಸವೆಂದು ಭಾವಿಸಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಶಿವಗಂಗೆಯಲ್ಲಿ ಬಹುಪಾಲು ಮೆಟ್ಟಿಲುಗಳಿವೆ, ಕಡಿದಾದೆಡೆ ಕಬ್ಬಿಣದ ಕಂಬಿಗಳಿವೆ. ಗಂಗಾಧರೇಶ್ವರನ ಗುಡಿಯಲ್ಲಿ ನಿಲ್ಲಬಹುದು, ಒಳಕಲ್ಲು ತೀರ್ಥದಲ್ಲಿ ನಿಲ್ಲಬಹುದು. ಸಾಕೆನಿಸಿದವನು ಅಲ್ಲಿಂದಲೇ ಹಿಂದಿರುಗಿದರೂ ದಾರಿ ತಪ್ಪುವ ಭಯವಿಲ್ಲ. ಹೊಸಬನಿಗೆ ತುದಿಗಿಂತಲೂ ಮುಖ್ಯವಾದದ್ದು ಈ ಅನುಕೂಲ. ಅಂದಹಾಗೆ, ತುದಿಯ ನಂದಿಯವರೆಗಿನ ಕೊನೆಯ ಏರು ಅಜ್ಜಿಯರ ಬೆಟ್ಟವೆಂದು ನಕ್ಕವರನ್ನೂ ಏದುಸಿರು ಬಿಡಿಸುತ್ತದೆ.

ನನ್ನ ಮುಖ್ಯ ಕಾರಣ ಇನ್ನೂ ಬೇರೆ. ನಮ್ಮಲ್ಲಿ ಹಲವರು ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡಿಕೊಂಡು ಓದುವವರು. ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಇಲ್ಲದಿದ್ದರೆ ಒಂದು ದಿನದ ಕೂಲಿ ಹೋಯಿತು. ಕೆಲವು ವಿದ್ಯಾರ್ಥಿನಿಯರಿಗೆ ರಾತ್ರಿ ಹೊರಗುಳಿಯಲು ಮನೆಯಲ್ಲಿ ಒಪ್ಪಿಗೆಯೇ ದೊರೆಯದು. ಕುಕ್ಕೆಯೆಂದರೆ ಇವರೆಲ್ಲರನ್ನೂ ಬಿಟ್ಟು ಎಂಟೋ ಹತ್ತೋ ಮಂದಿ ಹೋಗಿಬಂದು, ತರಗತಿಯ ಪ್ರವಾಸವೆಂದು ಹೆಸರಿಡುವುದು. ಶಿವಗಂಗೆಯ ಹಾದಿ ನಮ್ಮ ಕಾಲೇಜಿನ ಮುಂದಿನ ತುಮಕೂರು ರಸ್ತೆಯೇ. ಬಿಡುವಿರುವವರು ಶನಿವಾರ ಮಧ್ಯಾಹ್ನ ದಾಬಸ್‌ಪೇಟೆಯಲ್ಲಿಳಿದು, ಬೆಟ್ಟದ ಬುಡದವರೆಗೆ ಚೀಲ ಹೊತ್ತು ನಡೆದು, ಮೊದಲೇ ಕೇಳಿಟ್ಟುಕೊಂಡ ಕಡೆ ಊರಿನಲ್ಲಿ ತಂಗಲಿ. ಉಳಿದವರು ಭಾನುವಾರ ಮೊದಲ ಬಸ್ಸಿಗೆ ಬಂದು ಕೂಡಿಕೊಳ್ಳಲಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿನ ಖರ್ಚೂ ಇಲ್ಲ. ಸಂಜೆಗೆ ಎಲ್ಲರೂ ಮನೆ ಸೇರಬಹುದು.

ಚೀಲದ ವಿಷಯದಲ್ಲಿ ಒಂದು ಮಾತು. ಎರಡು ಲೀಟರು ನೀರು, ಅವಲಕ್ಕಿ, ಹೊದೆಯಲು ಒಂದು ದುಪ್ಪಟಿ, ಟಾರ್ಚು ಸಾಕು. ಪಾತ್ರೆ ಪಗಡಿಗಳನ್ನು ಮನೆಯಲ್ಲೇ ಬಿಡಬೇಕು. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿದರೆ ಅದು ಕೋತಿಗಳ ಪಾಲು. ಸಾಲಿನ ಮುಂದೆ ನಡೆಯಬೇಕಾದವನು ಎಲ್ಲರಿಗಿಂತ ನಿಧಾನಿ. ಅವನ ಹಿಂದೆ ನಮ್ಮ ಕಬಡ್ಡಿ ತಂಡದವರು ತಾಳ್ಮೆಯಿಂದ ಬರಲಿ. ಕುಮಾರಪರ್ವತಕ್ಕೆ ಮುಂದಿನ ವರ್ಷ ಹೋಗುವಷ್ಟು ಮಂದಿ ಅಷ್ಟರಲ್ಲಿ ತಯಾರಾದರೆ, ಆ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಬಹುದು.