ಸೇವೆಯೆಂಬ ಮಾತೂ ಸಂಬಳದ ಚೀಟಿಯೂ

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗರ ತಂದೆತಾಯಿಯರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮೇಷ್ಟ್ರೇ, ಇವನಿಗೆ ಕಂಪನಿಯಲ್ಲಿ ಕೆಲಸ ಸಿಕ್ಕೀತೇ?" ಬಿಡದಿಯಲ್ಲಿ 'ಕಂಪನಿ' ಎಂದರೆ ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಈಗ ಅದೇ ಹುಡುಗರು, ಅವರ ತಂಗಿಯರು, ಎಂ.ಬಿ.ಎ. ಅಥವಾ ಎಂ.ಎಸ್.ಡಬ್ಲ್ಯು. ಮುಗಿಸಿ ದೂರವಾಣಿಯಲ್ಲಿ ಕೇಳುವುದು ಬೇರೆ: "ಸಾರ್, ಆಸ್ಪತ್ರೆಯೊಂದರಲ್ಲಿ ಎಚ್.ಆರ್. ಕೆಲಸ ಇದೆ, ಸೇರಲೇ?" ಸೇರಿರಿ ಎಂದೇ ನನ್ನ ಉತ್ತರ. ಆದರೆ ಆ ಮೇಜಿನ ಹಿಂದೆ ಕುಳಿತು ನೀವು ಮಾಡಲಿರುವ ಕೆಲಸದ ಬಗ್ಗೆ ನನಗೊಂದು ತಕರಾರಿದೆ. ಅದು ಫೋನಿನಲ್ಲಿ ಹೇಳಿ ಮುಗಿಯುವಂಥದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತಕರಾರು ಇಷ್ಟೇ. ನಮ್ಮ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ 'ಸೇವೆ' ಎಂಬ ಒಳ್ಳೆಯ ಮಾತು ದಾದಿಯರ ಸಂಬಳವನ್ನು ತಗ್ಗಿಸುವ ಸಾಧನವಾಗಿದೆ. ಮಾತನ್ನು ಆಡುವವರು ವೇದಿಕೆಯ ಮೇಲಿನವರು; ಅದನ್ನು ಸಂಬಳದ ಚೀಟಿಯಾಗಿ ಪರಿವರ್ತಿಸುವವರು ಎಚ್.ಆರ್. ವಿಭಾಗದ ನೀವು. 'ನಾನು ಕೇವಲ ನೌಕರ ಸಾರ್, ಮೇಲಿನವರು ಹೇಳಿದಂತೆ ಮಾಡುತ್ತೇನೆ' ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ.

ನಮ್ಮ ಕಡೆಯ ಹುಡುಗರಿಗೆ ಎಚ್.ಆರ್. ಎಂದರೆ ಏನೆಂಬ ಕಲ್ಪನೆ ಬಂದಿರುವುದು ಕಾರ್ಖಾನೆಯ ಗೇಟಿನಿಂದ. 1999ರ ಕೊನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಮೊದಲ ಕ್ವಾಲಿಸ್ ಹೊರಬಂದಾಗಿನಿಂದ ಬಿಡದಿ ಕೈಗಾರಿಕಾ ಪ್ರದೇಶದ ಪಾಳಿ, ಹಾಜರಿ, ಕ್ಯಾಂಟೀನು, ಕಂಪನಿ ಬಸ್ಸು ಇವೇ ನಮ್ಮ ಊರಿನ ಗಡಿಯಾರವಾದವು. ಅದಕ್ಕೂ ಹಿಂದಿನ ತಲೆಮಾರು ಕಂಡದ್ದು ವೆಲ್‌ಫೇರ್ ಆಫೀಸರನ್ನು. 1948ರ ಕಾರ್ಖಾನೆಗಳ ಕಾಯಿದೆಯು 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತ್ತು. ಹೆಸರಿನಲ್ಲಾದರೂ ಕಲ್ಯಾಣವಿತ್ತು! ('ಮಾನವ ಸಂಪನ್ಮೂಲ' ಎಂಬ ಪದ ನನಗೆ ಇಂದಿಗೂ ಒಗ್ಗದು. ಅದಿರು, ಕಲ್ಲಿದ್ದಲು, ಮರಮುಟ್ಟುಗಳ ಪಕ್ಕದಲ್ಲಿ ಮನುಷ್ಯನನ್ನೂ ಪೇರಿಸಿಟ್ಟಂತೆ ಕೇಳಿಸುತ್ತದೆ. ಇರಲಿ.)

ಈ ಗೇಟಿನ ಬುದ್ಧಿಯನ್ನು ಆಸ್ಪತ್ರೆಗೆ ಹೊತ್ತೊಯ್ಯುವುದೇ ಮೊದಲ ತಪ್ಪು. ಕಾರ್ಖಾನೆಯಲ್ಲಿ ಕೆಲಸ ನಿಲ್ಲಬಹುದು. 2020ರ ನವೆಂಬರಿನಲ್ಲಿ ನಮ್ಮೂರಿನ ಇದೇ ಕಾರ್ಖಾನೆಯಲ್ಲಿ ಕಾರ್ಮಿಕರು ಧರಣಿ ಕುಳಿತರು, ಆಡಳಿತ ವರ್ಗ ಬೀಗಮುದ್ರೆ ಘೋಷಿಸಿತು. ಸರಿ ಯಾರದು, ತಪ್ಪು ಯಾರದು ಎಂಬ ವಿಚಾರಕ್ಕೆ ನಾನಿಲ್ಲಿ ಹೋಗುವುದಿಲ್ಲ. ಕಾರುಗಳು ಅರ್ಧಕ್ಕೆ ನಿಂತವು. ನಿಂತ ಕಾರಿಗೆ ನೋವಾಗುವುದಿಲ್ಲ. ಅದೇ ತಿಂಗಳುಗಳಲ್ಲಿ ಕೋವಿಡ್ ವಾರ್ಡಿನಲ್ಲಿದ್ದ ದಾದಿ ಹಾಗೆ ಎದ್ದು ಹೊರಗೆ ಬಂದು ಕೂರಬಲ್ಲಳೇ? ಅವಳು ಬರುವುದಿಲ್ಲವೆಂಬುದು ಆಡಳಿತಕ್ಕೂ ಗೊತ್ತು, ಅವಳಿಗೂ ಗೊತ್ತು. ಸಂಬಳದ ಮಾತುಕತೆ ನಡೆಯುವುದು ಈ ಅರಿವಿನ ಮೇಲೆಯೇ. ರೋಗಿಯನ್ನು ಬಿಟ್ಟೇಳಲಾರದ ಅವಳ ಅಂತಃಕರಣವನ್ನು ಅವಳ ಚೌಕಾಸಿಯ ದೌರ್ಬಲ್ಯವನ್ನಾಗಿ ಲೆಕ್ಕ ಹಾಕುವುದಿದೆಯಲ್ಲ, ಅದನ್ನು ನಾನು ಅಕ್ಷಮ್ಯವೆನ್ನುತ್ತೇನೆ.

ಆಸ್ಪತ್ರೆ ಒಂದು 'ಉದ್ಯಮ'ವೇ ಎಂಬ ಪ್ರಶ್ನೆ ಹೊಸದಲ್ಲ. ಅದರ ದೊಡ್ಡ ತೀರ್ಪು ಹುಟ್ಟಿದ್ದು ನಮ್ಮ ಬೆಂಗಳೂರಿನ ವ್ಯಾಜ್ಯದಿಂದ. ದಂಡ ವಿಧಿಸಿ ಹಣ ವಸೂಲು ಮಾಡಿದರೆಂದು ಬೆಂಗಳೂರು ಜಲಮಂಡಳಿಯ ನೌಕರರು ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠದವರೆಗೆ ಹೋಯಿತು. 1978ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ಬಹುಮತದ ತೀರ್ಪು ಆಸ್ಪತ್ರೆಗಳನ್ನೂ ವಿದ್ಯಾಸಂಸ್ಥೆಗಳನ್ನೂ ಉದ್ಯಮದ ವ್ಯಾಖ್ಯೆಯೊಳಕ್ಕೆ ತಂದಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಉದ್ಯಮವಲ್ಲವೆಂದು 1970ರಲ್ಲಿ ಅದೇ ನ್ಯಾಯಾಲಯ ಹೇಳಿದ್ದನ್ನು ಈ ತೀರ್ಪು ತಳ್ಳಿಹಾಕಿತು. ಲಾಭದ ಉದ್ದೇಶ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ, ಮಾಲೀಕ ಮತ್ತು ನೌಕರರ ಸಹಕಾರದಿಂದ ವ್ಯವಸ್ಥಿತವಾಗಿ ಕೆಲಸ ನಡೆಯುತ್ತಿದೆಯೇ ಎಂಬುದೇ ಮುಖ್ಯ ಎಂಬುದು ಅದರ ತಿರುಳು. ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಪೂರ್ಣವಾಗಿ ಅಥವಾ ಬಹುತೇಕವಾಗಿ ಧರ್ಮಾರ್ಥ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಿಜವಾದ ಧರ್ಮಾಸ್ಪತ್ರೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ರೋಗಿಗೆ ಬಿಲ್ಲು ಬರೆಯುವಾಗ ವ್ಯಾಪಾರ, ದಾದಿಗೆ ಚೀಟಿ ಬರೆಯುವಾಗ ಧರ್ಮ ಎನ್ನುವ ಸಂಸ್ಥೆಗಳಿಗೆ ಈ ಬಾಗಿಲು ಎಷ್ಟು ಅಗಲವಾಗಿ ತೆರೆದುಕೊಳ್ಳುವುದೋ ಎಂಬ ಆತಂಕ ನನ್ನದು.

ಹಾಗಾದರೆ ನ್ಯಾಯವಾದ ಸಂಬಳ ಯಾವುದು? ಇದಕ್ಕೂ ಅಳತೆಗೋಲಿಲ್ಲವೆಂದಿಲ್ಲ. 2016ರ ಜನವರಿ 29ರಂದು ಸರ್ವೋಚ್ಚ ನ್ಯಾಯಾಲಯ ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆ ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಕಡೆ ಆಯಾ ರಾಜ್ಯದ ಸರ್ಕಾರಿ ದಾದಿಯರಿಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಕಡಿಮೆಯಾಗಬಾರದು, 50ರಿಂದ 100ರ ನಡುವೆ ಶೇ. 25ಕ್ಕಿಂತ ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದು. 'ಚಿಕ್ಕ ಆಸ್ಪತ್ರೆಗಳಿಗೆ ಹೊರೆಯಾಗುತ್ತದೆ ಸಾರ್' ಎನ್ನುವವರು ಗಮನಿಸಬೇಕು. ಹೊರೆಯನ್ನು ಹಾಸಿಗೆ ಎಣಿಸಿಯೇ ಹಂಚಿದ್ದಾರೆ. ಇದು ಶಿಫಾರಸು ಮಾತ್ರ, ಜಾರಿಗೆ ತರುವ ಹೊಣೆ ರಾಜ್ಯಗಳದು, ಒಪ್ಪಿದೆ. ಆದರೆ ಮಾಲೀಕರ ಮುಂದೆ ಈ ಹಾಳೆಯನ್ನು ಇಡುವುದಕ್ಕೆ ಯಾವ ಕಾಯಿದೆಯ ಅಪ್ಪಣೆ ಬೇಕು? 'ಮಾರುಕಟ್ಟೆ ದರ ಇಷ್ಟೇ' ಎಂಬ ವರದಿ ತಯಾರಿಸಲು ನಿಮಗೆ ಬರುತ್ತದಲ್ಲವೇ, ಇದೂ ಬರಲಿ.

ನಮ್ಮ ಬಳಗದ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಮಾಗಡಿ ಕಡೆಯವಳು, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದು ಆಸ್ಪತ್ರೆ ಸೇರಿದಳು. ಊರು, ಹೆಸರು ಬೇಡ. ಸೇರುವಾಗಲೇ ಮೂಲ ಅಂಕಪಟ್ಟಿಗಳನ್ನೂ ಪದವಿ ಪತ್ರವನ್ನೂ ತೆಗೆದಿಟ್ಟುಕೊಂಡರು. ಮನೆಯ ಕಷ್ಟದಿಂದ ವರ್ಷದೊಳಗೆ ಬಿಡಬೇಕಾಗಿ ಬಂದಾಗ ಮೂರು ತಿಂಗಳ ಸಂಬಳ ಕಟ್ಟಿ ಕಾಗದ ಬಿಡಿಸಿಕೊಳ್ಳಿ ಎಂದರು. ಅವಳ ತಂದೆಯ ಜೊತೆ ನಾನೂ ಹೋಗಿದ್ದೆ. ಎಚ್.ಆರ್. ಕೋಣೆಯಲ್ಲಿದ್ದ ತರುಣ ಬಹಳ ಸಭ್ಯ. ನಾನು ನಿವೃತ್ತ ಶಿಕ್ಷಕನೆಂದು ತಿಳಿದೊಡನೆ ಎದ್ದು ಕುರ್ಚಿ ಕೊಟ್ಟ, ಕಾಫಿ ತರಿಸಿದ. ಆಮೇಲೆ "ಪಾಲಿಸಿ ಸಾರ್" ಎಂದ. ಹಣ ಕಟ್ಟಿದ ಮೇಲೆಯೇ ಅಂಕಪಟ್ಟಿ ಕೈಗೆ ಬಂತು. ಸಾಲಕ್ಕೆ ಒಡವೆ ಒತ್ತೆಯಿಡುವುದನ್ನು ಕೇಳಿದ್ದೇವೆ. ದುಡಿಯುವುದಕ್ಕೆ ವಿದ್ಯೆಯನ್ನೇ ಒತ್ತೆಯಿಡುವುದು ಯಾವ ದೇಶದ ಪಾಲಿಸಿ? ಅಂಥ ಸಭ್ಯ ತರುಣನನ್ನು ತಯಾರಿಸಿದ ಶಾಲೆ ಯಾವುದೋ ಎಂದು ಬಸ್ಸಿನುದ್ದಕ್ಕೂ ಯೋಚಿಸುತ್ತಿದ್ದೆ. ನಮ್ಮದೇ ಇರಬಹುದು.

ಇಷ್ಟು ಬೈದ ಮೇಲೆ ಕೆಲಸದ ಘನತೆಯನ್ನೂ ಹೇಳಬೇಕು. ಕೆಂಗೇರಿ, ಕಂಬೀಪುರ, ಅತ್ತ ಹಾರೋಹಳ್ಳಿಯವರೆಗೆ ದೊಡ್ಡ ಆಸ್ಪತ್ರೆಗಳು, ವೈದ್ಯಕೀಯ ಕಾಲೇಜುಗಳು ಎದ್ದಿವೆ. ರಾಮನಗರ ಜಿಲ್ಲೆಯ (2025ರಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಮಾಡಿದ್ದಾರೆ, ನನ್ನ ನಾಲಗೆ ಕೇಳುವುದಿಲ್ಲ) ಮಕ್ಕಳಿಗೆ ಅಲ್ಲಿ ಅವಕಾಶವಿದೆ. ಆಸ್ಪತ್ರೆಯಲ್ಲಿ ಎಚ್.ಆರ್. ಎಂಬುದು ಬಯೊಡೇಟಾ ಎಣಿಸುವ ಗುಮಾಸ್ತಿಕೆಯಲ್ಲ. ವೈದ್ಯನ, ದಾದಿಯ ನೋಂದಣಿ ಅಸಲಿಯೇ, ನವೀಕರಣವಾಗಿದೆಯೇ ಎಂದು ನೋಡುವವರು ನೀವು. ನೀವು ಕಣ್ಣು ಮುಚ್ಚಿದರೆ ನಕಲಿಯೊಬ್ಬ ರೋಗಿಯ ಮೈಮುಟ್ಟುತ್ತಾನೆ. 2005ರಲ್ಲಿ ಸ್ಥಾಪನೆಯಾದ ಎನ್.ಎ.ಬಿ.ಎಚ್. ಮಂಡಳಿಯ ಮಾನದಂಡಗಳಲ್ಲಿ ಮಾನವ ಸಂಪನ್ಮೂಲಕ್ಕೇ ಒಂದು ಪ್ರತ್ಯೇಕ ಅಧ್ಯಾಯವಿರುವುದು ಸುಮ್ಮನೆ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಧನುರ್ವಾಯುಗಳ ಲಸಿಕೆ ಕೊಡಿಸಲೇಬೇಕು. ಗುತ್ತಿಗೆಯವಳು ಎಂಬ ಕಾರಣಕ್ಕೆ ಕಸ ಎತ್ತುವ ತಾಯಿಯ ಹೆಸರು ಆ ಪಟ್ಟಿಯಿಂದ ಬಿಟ್ಟುಹೋದರೆ ಕೇಳುವವರು ನೀವಲ್ಲದೆ ಇನ್ನಾರು? ರೋಗಿಯ ಕಡೆಯವರು ದಾದಿಯ ಮೇಲೆ ಕೈಮಾಡಿದರೆ ಹಲ್ಲೆ ತಡೆಗೆಂದೇ 2009ರ ಕರ್ನಾಟಕದ ಕಾಯಿದೆ ಇದೆ; ಅವಳೊಡನೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೂ ನಿಮ್ಮ ಉದ್ಯೋಗವೇ. ಇದಕ್ಕೆ ಎಂ.ಬಿ.ಎ.ಗಿಂತ ಎಂ.ಎಸ್.ಡಬ್ಲ್ಯು. ಅಥವಾ ಆಸ್ಪತ್ರೆ ಆಡಳಿತದ ಓದು ಹೆಚ್ಚು ಒದಗುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ಪದವಿಯೇ ಇರಲಿ, ಮೊದಲ ತಿಂಗಳಲ್ಲಿ ನಾಲ್ಕು ರಾತ್ರಿಯಾದರೂ ವಾರ್ಡಿನಲ್ಲಿ ಎಚ್ಚರವಿದ್ದು ನೋಡಿ.

ಸಂದರ್ಶನಕ್ಕೆ ಹೋದಾಗ ನೀವೂ ಎರಡು ಪ್ರಶ್ನೆ ಕೇಳಿ. ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಗೆ ಎಷ್ಟು ಹಾಸಿಗೆ? ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವ ಪದ್ಧತಿ ಇದೆಯೇ? ಉತ್ತರದ ಬದಲು ನಗು ಬಂದರೆ ಬಸ್ಸು ಹತ್ತಿ ವಾಪಸು ಬನ್ನಿ. ಇನ್ನು ಈಗಾಗಲೇ ಸೇರಿರುವ ನನ್ನ ಶಿಷ್ಯರಿಗೆ ಒಂದು ಮನೆಗೆಲಸ: ನಾಳೆ ಬೆಳಿಗ್ಗೆ ನಿಮ್ಮ ಕೋಣೆಯ ಬೀರು ತೆಗೆದು ಅದರಲ್ಲಿ ಪರರ ಅಂಕಪಟ್ಟಿಗಳು ಎಷ್ಟಿವೆ ಎಂದು ಎಣಿಸಿ, ನನಗೆ ಬರೆದು ತಿಳಿಸಿ.