ಆನ್‌ಲೈನ್ ತರಬೇತಿಯ ಲೋಗೋ: ಚಿತ್ರ ಯಾರದು, ಹಕ್ಕು ಯಾರದು?

ಯಂತ್ರೋಪಕರಣಗಳ ವ್ಯಾಪಾರಿಗಳು, ಸಿದ್ಧ ಉಡುಪು ತಯಾರಕರು, ಬೇಕರಿ ಸಾಮಗ್ರಿ ಪೂರೈಕೆದಾರರು ಇಂದು ಸರಕಿನ ಜೊತೆಗೆ ತಮ್ಮ ಕಸುಬಿನ ತಿಳಿವಳಿಕೆಯನ್ನೂ ಆನ್‌ಲೈನ್ ತರಬೇತಿಯ ರೂಪದಲ್ಲಿ ಮಾರತೊಡಗಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಪಾಠಗಳ ಚಿತ್ರೀಕರಣಕ್ಕೆ ಧಾರಾಳವಾಗಿ ಹಣ ವಿನಿಯೋಗಿಸುವ ಉದ್ಯಮಿಯು ಲೋಗೋವನ್ನು ಮಾತ್ರ ಕೊನೆಯ ಗಳಿಗೆಯಲ್ಲಿ, ಪರಿಚಯದ ಡಿ.ಟಿ.ಪಿ. ಕೇಂದ್ರದಲ್ಲಿ, ಬಾಯಿಮಾತಿನ ಮೇಲೆ ಮಾಡಿಸಿಕೊಳ್ಳುವುದು ವಾಡಿಕೆಯಾಗಿದೆ. ಈ ಉದಾಸೀನತೆಯ ಬೆಲೆ ಎಷ್ಟೆಂಬುದು ತರಬೇತಿಯು ಹೆಸರು ಗಳಿಸಿದ ಮೇಲಷ್ಟೇ ಅರಿವಿಗೆ ಬರುತ್ತದೆ.

ಮೈಸೂರು ಸ್ಯಾಂಡಲ್ ಸಾಬೂನಿನ ಶರಭ ಲಾಂಛನವನ್ನು ಕನ್ನಡಿಗರೆಲ್ಲರೂ ಬಲ್ಲರು. ಸಿಂಹದ ದೇಹ, ಆನೆಯ ತಲೆಯುಳ್ಳ ಆ ಪ್ರಾಣಿಯ ಜೊತೆಗೆ ಪೆಟ್ಟಿಗೆಯ ಬಣ್ಣ, ಸಾಬೂನಿನ ಆಕಾರ, ಶ್ರೀಗಂಧದ ಪರಿಮಳ ಇವೆಲ್ಲವೂ ಗ್ರಾಹಕನ ನಂಬಿಕೆಯನ್ನು ಪೋಷಿಸುತ್ತವೆ. ಆನ್‌ಲೈನ್ ತರಬೇತಿಗೆ ಈ ಅನುಕೂಲಗಳಿಲ್ಲ. ಅಂಗಡಿಯ ಬೋರ್ಡು, ಪೆಟ್ಟಿಗೆ, ಸರಕಿನ ಮೇಲಿನ ಮುದ್ರೆ ಇವೆಲ್ಲದರ ಕೆಲಸವನ್ನೂ ಒಂದು ಪುಟ್ಟ ಚಿತ್ರವೇ ನಿರ್ವಹಿಸಬೇಕಾಗುತ್ತದೆ.

ಪುಟ್ಟ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ವಾಟ್ಸ್ಆ್ಯಪ್ ಮತ್ತು ಯೂಟ್ಯೂಬ್‌ಗಳಲ್ಲಿ ಲೋಗೋ ಒಂದು ಸಣ್ಣ ವೃತ್ತದೊಳಗೆ ಅಡಗಬೇಕು. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಅದಕ್ಕೆ ದೊರೆಯುವುದು ಸಾಮಾನ್ಯವಾಗಿ 16×16 ಪಿಕ್ಸೆಲ್‌ಗಳ ಜಾಗ. ಸಂಸ್ಥೆಯ ಪೂರ್ಣ ಹೆಸರು, ಸ್ಥಾಪನೆಯ ವರ್ಷ, ಧ್ಯೇಯವಾಕ್ಯ, ದೀಪ, ಪುಸ್ತಕ, ಪದವಿಯ ಟೋಪಿ ಇವೆಲ್ಲವನ್ನೂ ತುರುಕಿದ ಲೋಗೋ ಅಲ್ಲಿ ಮಸಿಯ ಚುಕ್ಕೆಯಂತೆ ಕಾಣುವುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ಅವರು 1971ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿಗೆ ರೂಪಿಸಿದ ಲಾಂಛನವಾದರೋ ನೀಲಿ ವೃತ್ತ, ನಡುವೆ ಸಣ್ಣ ವೃತ್ತ, ಅಲ್ಲಿಂದ ಕೆಳಕ್ಕೊಂದು ಸೀಳು, ಇಷ್ಟೇ. ಮೊಬೈಲ್ ಫೋನ್ ಬರುವ ಮೊದಲೇ ರಚಿತವಾದ ಅದು ಮೊಬೈಲ್ ಪರದೆಯಲ್ಲಿಯೂ ಸ್ಪಷ್ಟವಾಗಿ ಗುರುತು ಸಿಗುತ್ತದೆ. ವಿನ್ಯಾಸಕಾರನು ತರುವ ಮಾದರಿಯನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಕಪ್ಪು ಬಿಳುಪಿನಲ್ಲಿ ಮುದ್ರಿಸಿ ನೋಡುವುದೇ ಸಾಕಾದ ಪರೀಕ್ಷೆ.

ವಿಶ್ವಾಸ ಗಳಿಸುವ ಆತುರದಲ್ಲಿ ಕೆಲವರು ಅಶೋಕ ಸ್ತಂಭವನ್ನು ಹೋಲುವ ಆಕೃತಿಯನ್ನು ಬಳಸುವುದುಂಟು. ರಾಜ್ಯ ಲಾಂಛನದ ಅನುಚಿತ ಬಳಕೆಯನ್ನು 2005ರ ಕಾಯ್ದೆಯು ನಿಷೇಧಿಸಿದೆ. ಲೆಕ್ಕಪತ್ರದ ತಂತ್ರಾಂಶ ಕಲಿಸುವವರು ಆ ತಂತ್ರಾಂಶ ಕಂಪನಿಯ ಗುರುತನ್ನೇ ತಮ್ಮ ಲೋಗೋದೊಳಗೆ ಸೇರಿಸಿಕೊಳ್ಳುವುದೂ ಅಪಾಯಕರವೇ. ಏನನ್ನು ಕಲಿಸಲಾಗುತ್ತದೆ ಎಂದು ಹೇಳುವುದು ಬೇರೆ, ಪರರ ಗುರುತನ್ನು ತನ್ನದೆಂಬಂತೆ ಧರಿಸುವುದು ಬೇರೆ.

ಇನ್ನು ಒಡೆತನದ ವಿಚಾರ. ಹಣ ಕೊಟ್ಟ ಮಾತ್ರಕ್ಕೆ ಲೋಗೋ ತನ್ನದಾಯಿತೆಂಬ ನಂಬಿಕೆ ವ್ಯಾಪಾರಿಗಳಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರನು ಕರ್ತವ್ಯದ ಭಾಗವಾಗಿ ರಚಿಸಿದ ಚಿತ್ರದ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಲೀಕನಿಗೆ ಸೇರುತ್ತದೆ. ಹೊರಗಿನ ವಿನ್ಯಾಸಕಾರನು ರಚಿಸಿದ ಲೋಗೋದ ಮೊದಲ ಒಡೆಯ ಸಾಮಾನ್ಯವಾಗಿ ಆ ವಿನ್ಯಾಸಕಾರನೇ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳಿಗೆ ಸೀಮಿತವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆಯು ಭಾವಿಸುತ್ತದೆ. ದುಬೈಯಲ್ಲಿರುವ ಕನ್ನಡಿಗನೂ ಸೇರಬಹುದಾದ ತರಬೇತಿಗೆ ಇದು ಸಣ್ಣ ಸಂಗತಿಯಲ್ಲ. "ಡಿಸೈನ್ ಚಾರ್ಜ್" ಎಂದಷ್ಟೇ ಬರೆದ ಬಿಲ್ಲು ಖರ್ಚಿಗೆ ಆಧಾರವಾದೀತೇ ಹೊರತು ವರ್ಗಾವಣೆ ಪತ್ರವಾಗಲಾರದು. ಸಿದ್ಧ ಮಾದರಿಗಳ ಜಾಲತಾಣಗಳಿಂದ ಪಡೆದ ಚಿತ್ರಗಳಲ್ಲಿ ಈ ತೊಡಕು ಮತ್ತೂ ಹೆಚ್ಚು. ಅದೇ ಚಿತ್ರ ಪ್ರತಿಸ್ಪರ್ಧಿಗೂ ಲಭ್ಯವಿರುತ್ತದೆ.

ಟ್ರೇಡ್‌ಮಾರ್ಕ್ ನೋಂದಣಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಪೀಣ್ಯದ ಯಂತ್ರ ತಯಾರಕನೊಬ್ಬ ತನ್ನ ಗುರುತನ್ನು ಯಂತ್ರಗಳ 7ನೆಯ ವರ್ಗದಲ್ಲಿ ಈಗಾಗಲೇ ನೋಂದಾಯಿಸಿದ್ದಾನೆಂದು ಭಾವಿಸೋಣ. ಅದೇ ಗುರುತಿನಲ್ಲಿ ಸಿ.ಎನ್.ಸಿ. ತರಬೇತಿ ಆರಂಭಿಸಿದರೆ ಆ ನೋಂದಣಿ ತಾನಾಗಿಯೇ ಶಿಕ್ಷಣ ಸೇವೆಗೆ ಅನ್ವಯಿಸದು. ಶಿಕ್ಷಣ ಮತ್ತು ತರಬೇತಿಗೆ 41ನೆಯ ವರ್ಗ. ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಪಾಠಗಳಿಗೆ 9ನೆಯ ವರ್ಗ. 2017ರ ನಿಯಮಗಳಂತೆ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ ವ್ಯಕ್ತಿ, ಸ್ಟಾರ್ಟಪ್ ಹಾಗೂ ಸಣ್ಣ ಉದ್ಯಮಗಳಿಗೆ 4,500 ರೂ., ಇತರರಿಗೆ 9,000 ರೂ. ಬಣ್ಣದ ಮಿತಿಯಿಲ್ಲದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಗಳಿಗೂ ನೋಂದಣಿಯಾದಂತೆಯೇ. ಕಪ್ಪು ಬಿಳುಪಿನ ಲೋಗೋಗೆ ಇದೂ ಒಂದು ಲಾಭ.

ಶುಲ್ಕದ ಈ ವ್ಯತ್ಯಾಸವನ್ನು ಕಂಡು ಪಾಲುದಾರಿಕೆ ಸಂಸ್ಥೆಗಳು ಕೆಲವೊಮ್ಮೆ ಒಬ್ಬ ಪಾಲುದಾರನ ಸ್ವಂತ ಹೆಸರಿನಲ್ಲಿ ಅರ್ಜಿ ಸಲ್ಲಿಸುವುದುಂಟು. ಲೆಕ್ಕಪತ್ರ ಮಾನದಂಡ 26ರಂತೆ ಸಂಸ್ಥೆಯು ತಾನೇ ಬೆಳೆಸಿದ ಬ್ರ್ಯಾಂಡ್ ಆಸ್ತಿ ಜವಾಬ್ದಾರಿ ತಖ್ತೆಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಈ ಲೋಪವು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದು. ಆ ಪಾಲುದಾರನು ನಿವೃತ್ತನಾದ ದಿನ ಅಥವಾ ಕಾಲವಾದ ದಿನ ಲೋಗೋ ಸಂಸ್ಥೆಯದೋ, ಅವನ ವಾರಸುದಾರರದೋ ಎಂಬ ವ್ಯಾಜ್ಯ ಏಳುತ್ತದೆ. ಉದ್ಯಮ್ ನೋಂದಣಿ ಪತ್ರವುಳ್ಳ ಸಣ್ಣ ಸಂಸ್ಥೆಯು ತನ್ನ ಹೆಸರಿನಲ್ಲಿಯೇ ಅದೇ 4,500 ರೂ. ಶುಲ್ಕಕ್ಕೆ ಅರ್ಜಿ ಸಲ್ಲಿಸಬಹುದು.