ಮರಳಿ ಬಂದ ಗೂಢಚಾರ

ಒಮ್ಮೆ ಕಳಚಿಟ್ಟ ಗೂಢಚಾರನ ವೇಷವನ್ನು ಹಿರಿಯ ನಟರು ಮತ್ತೆ ತೊಡುವುದು ಚಲಚ್ಚಿತ್ರ ಜಗತ್ತಿಗೆ ಹೊಸದೇನೂ ಅಲ್ಲ. ಷಾನ್ ಕಾನರಿಯವರು 1971ರಲ್ಲಿ ಬಿಟ್ಟುಕೊಟ್ಟಿದ್ದ ಜೇಮ್ಸ್ ಬಾಂಡ್ ಪಾತ್ರಕ್ಕೆ ಹನ್ನೆರಡು ವರ್ಷಗಳ ತರುವಾಯ, ತಮ್ಮ 53ನೆಯ ವಯಸ್ಸಿನಲ್ಲಿ, ಹಿಂದಿರುಗಿದರು. ಕಮಲ್ ಹಾಸನ್ ಅವರ ಅಂತರ ಇನ್ನೂ ದೀರ್ಘವಾದುದು. 1986ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ, ಎರಡು ಸಲವೂ ‘ವಿಕ್ರಮ್’ ಎಂಬ ತಮಿಳು ಚಿತ್ರದಲ್ಲಿ, ಆ ಹೆಸರಿನ ಗೂಢಚಾರನಾಗಿಯೇ ಅವರು ಕಾಣಿಸಿಕೊಂಡರು. ಮೂವತ್ತೊಂದರ ತರುಣನು ಅರುವತ್ತೇಳರ ಅಜ್ಜನಾಗಿ ಬಂದನು. ಹಣ ಹೂಡುವವನಿಗೆ ಹೊಸ ಮುಖಕ್ಕಿಂತ ಹಳೆಯ ನೆನಪು ಭದ್ರವಾದ ಅಡವು ಎಂಬುದೇನೋ ನಿಜ. ಆದರೆ ಈ ಮರಳುವಿಕೆಯಲ್ಲಿ ವ್ಯಾಪಾರಕ್ಕಿಂತ ಹೆಚ್ಚು ವಿಚಾರಾರ್ಹವಾದ ಸಂಗತಿಯೊಂದಿದೆ.

ಮೊದಲ ‘ವಿಕ್ರಮ್’ ಚಿತ್ರದ ಕಥೆಯನ್ನು ಬರೆದವರು ಸುಜಾತಾ ಎಂಬ ಲೇಖನನಾಮದ ರಂಗರಾಜನ್ ಅವರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದವರು. ಅಪಹೃತವಾದ ಕ್ಷಿಪಣಿ, ಗಣಕಯಂತ್ರ, ಕಲ್ಪಿತ ರಾಜ್ಯವೊಂದರ ರಾಜಕುಮಾರಿ ಇವೆಲ್ಲವೂ ಅಲ್ಲಿದ್ದವು. ನಾಯಕನಿಗೆ ವಯಸ್ಸೆಂಬುದು ಇರಲಿಲ್ಲ. ಯೌವನಕ್ಕೆ ಅದರ ಪರಿವೆಯಾದರೂ ಏಕೆ? ಲೋಕೇಶ್ ಕನಕರಾಜ್ ಅವರು ನಿರ್ದೇಶಿಸಿದ ಎರಡನೆಯ ಚಿತ್ರದಲ್ಲಿ ವಯಸ್ಸೇ ಕಥೆಯ ಕೀಲಾಗಿದೆ. ನಾಯಕನು ಸತ್ತನೆಂದೇ ಲೋಕ ನಂಬಿದೆ. ಪೂರ್ವಾರ್ಧದಲ್ಲಿ ಅವನನ್ನು ನಾವು ಅರಿಯುವುದು ಬಹುಪಾಲು ಅನ್ಯರ ಬಾಯಿಂದ: ಕುಡುಕನೆಂದು ಒಬ್ಬರು, ಮೊಮ್ಮಗನೇ ಸರ್ವಸ್ವವೆಂದುಕೊಂಡವನೆಂದು ಮತ್ತೊಬ್ಬರು. ಆ ಮೊಮ್ಮಗನು ದೊಡ್ಡ ಸದ್ದನ್ನು ತಾಳಲಾರದ ಹೃದ್ರೋಗಿ ಹಸುಗೂಸು. ಆಯುಷ್ಯವೆಲ್ಲ ಗುಂಡಿನ ಸದ್ದಿನಲ್ಲಿ ಕಳೆದವನು ಈಗ ಒಂದು ತೊಟ್ಟಿಲಿನ ಸುತ್ತ ನಿಶ್ಶಬ್ದವನ್ನು ಕಾಯುತ್ತಾನೆ. ಗೂಢಚಾರ ಚಿತ್ರಗಳಲ್ಲಿ ಇಷ್ಟು ಮಾನವೀಯವಾದ ಕಲ್ಪನೆ ವಿರಳವೆಂದೇ ಹೇಳಬೇಕು. ಉತ್ತರಾರ್ಧದಲ್ಲಿ ಭಾರಿ ಬಂದೂಕುಗಳು ಬಾಯಿ ತೆರೆದಾಗ ಈ ಸೂಕ್ಷ್ಮವು ಹೊಗೆಯಲ್ಲಿ ಮುಚ್ಚಿಹೋಗುವುದು ಖೇದಕರ.

ನಿಜಕ್ಕೆ ಬೇಹಿನ ವೃತ್ತಿಗೆ ಮುಪ್ಪು ಹಗೆಯಲ್ಲ, ಮಿತ್ರ. ಯಾರ ಕಣ್ಣಿಗೂ ಬೀಳದಿರುವುದೇ ಬೇಹುಗಾರನ ಬಲವಷ್ಟೆ! ಕೌಟಿಲ್ಯನು ಹೇಳುವ ಚಾರರಲ್ಲಿ ಪರಿವ್ರಾಜಿಕೆಯೂ ಒಬ್ಬಳು. ಬಡವೆ, ವಿಧವೆ, ಆದರೆ ದಿಟ್ಟೆ. ಅಂತಃಪುರದಲ್ಲಿ ಮನ್ನಣೆ ಪಡೆದು ಮಹಾಮಾತ್ರರ ಮನೆಗಳಿಗೆ ಹೋಗಿಬರುವವಳು. ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಬರೆದುದು ಸಂಸ್ಕೃತದ ‘ಮುದ್ರಾರಾಕ್ಷಸ’ದ ಕಥೆಯನ್ನು ಆಧರಿಸಿ, ಆ ನಾಟಕದಲ್ಲಿ ರಾಕ್ಷಸನ ಚಾರನು ಸುದ್ದಿ ತರುವುದು ಹಾವಾಡಿಗನ ವೇಷದಲ್ಲಿ. ಇವರಾರೂ ಸುಂದರಾಂಗರಾಗಿರಬೇಕೆಂದು ಯಾರೂ ಕೇಳಲಿಲ್ಲ. ಚಲಚ್ಚಿತ್ರದ ತಾರೆಯ ಧರ್ಮವಾದರೋ ಇದಕ್ಕೆ ತೀರ ವಿರುದ್ಧ: ಅವನು ಎಲ್ಲರ ಕಣ್ಣಿಗೂ ಬೀಳಲೇಬೇಕು. ಆದುದರಿಂದ ಅವನ ಮುಪ್ಪು ಮರೆವೇಷವಾಗುವುದಿಲ್ಲ. ಗೆಲ್ಲಬೇಕಾದ ಇನ್ನೊಬ್ಬ ಶತ್ರುವಾಗುತ್ತದೆ.

ಗೆಲ್ಲುವ ಅವಕಾಶವಾದರೂ ಎಲ್ಲರಿಗೂ ಉಂಟೆ? 1986ರ ಆ ಚಿತ್ರದಲ್ಲಿ ರಾಜಕುಮಾರಿಯಾಗಿದ್ದವರು ಡಿಂಪಲ್ ಕಪಾಡಿಯಾ. ಕಮಲ್ ಅವರಿಗಿಂತ ಎರಡೂವರೆ ವರ್ಷಕ್ಕೆ ಕಿರಿಯರು. ಅವರೂ ಬೇಹುಗಾರಿಕೆಯ ಚಿತ್ರಗಳಿಗೆ ಮರಳಿದ್ದಾರೆ. 2020ರ ‘ಟೆನೆಟ್’ನಲ್ಲಿ ಶಸ್ತ್ರವ್ಯಾಪಾರಿಯಾಗಿ, 2023ರ ‘ಪಠಾಣ್’ನಲ್ಲಿ ಗೂಢಚಾರರ ಮೇಲಧಿಕಾರಿಯಾಗಿ ಗಾಂಭೀರ್ಯದಿಂದ ನಟಿಸಿದ್ದಾರೆ. ಆದರೆ ‘ಪಠಾಣ್’ನಲ್ಲಿ ಓಡಿ, ಹಾರಿ, ಹೊಡೆದಾಡುವವರು 57ರ ಷಾರುಖ್ ಖಾನ್, ಡಿಂಪಲ್ ಅವರ ಪಾಲಿನದು ಆಜ್ಞೆ ಕೊಡುವ ಕೆಲಸ. ಬಾಂಡ್ ಚಿತ್ರಗಳಲ್ಲೂ ಇದೇ ಬಗೆ. ರೋಜರ್ ಮೂರ್ ಮತ್ತು ಲೋಯಿಸ್ ಮ್ಯಾಕ್ಸ್‌ವೆಲ್ ಇಬ್ಬರೂ ಹುಟ್ಟಿದುದು 1927ರಲ್ಲಿ. ಆತನು ನಾಯಕನಾಗಿ ಲೋಕ ಸುತ್ತಿದನು. ಆಕೆ 1962ರಿಂದ 1985ರವರೆಗೆ ಹದಿನಾಲ್ಕು ಚಿತ್ರಗಳಲ್ಲಿ ಕಾರ್ಯದರ್ಶಿನಿಯಾಗಿಯೇ ಉಳಿದಳು. 1983ರಲ್ಲಿ ಮರಳಿದ ಕಾನರಿಯವರಿಗೆ ಜೊತೆಯಾದ ಕಿಮ್ ಬೇಸಿಂಗರ್ ಅವರಿಗಿಂತ ಇಪ್ಪತ್ತಮೂರು ವರ್ಷ ಕಿರಿಯಳು.

ಪರರ ಮನೆಯ ಲೆಕ್ಕವೇಕೆ, ನಮ್ಮಲ್ಲೂ ಹೀಗೆಯೇ ನಡೆಯಿತು. ದೊರೆ-ಭಗವಾನ್ ಜೋಡಿ ಕನ್ನಡಕ್ಕೆ ತಂದ ಸಿ.ಐ.ಡಿ. 999 ಎಂಬ ಗೂಢಚಾರನಾಗಿ ರಾಜಕುಮಾರ್ ಅವರು 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಚಿತ್ರಗಳಲ್ಲಿ ಮೆರೆದರು. ಪೌರಾಣಿಕ, ಐತಿಹಾಸಿಕ ಪಾತ್ರಗಳ ನಟನು ಪಿಸ್ತೂಲು ಹಿಡಿದುದನ್ನು ಕನ್ನಡಿಗರು ಮೆಚ್ಚಿದರು. ಒಂಬತ್ತು ವರ್ಷ ಕಳೆದು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ಅವರಿಗೆ 49. ಇಂಗ್ಲಿಷಿನಲ್ಲಿ ಹಾಡಿ ಜನರನ್ನು ಮತ್ತೆ ಮರುಳು ಮಾಡಿದರು. ನಾಯಿಕೆಯರೋ? ಜಯಂತಿ, ಲಕ್ಷ್ಮಿ, ರೇಖಾ, ಕೊನೆಗೆ ಪದ್ಮಪ್ರಿಯಾ. ನಾಲ್ಕು ಚಿತ್ರಗಳಿಗೆ ನಾಲ್ವರು. ‘ಮಿಸ್ ಲೀಲಾವತಿ’ಯ ದಿಟ್ಟ ಪಾತ್ರದಿಂದ ಹೆಸರಾದ ಜಯಂತಿಯವರು ಅನಂತರವೂ ದೀರ್ಘಕಾಲ ನಟಿಸಿದರು; ಮರಳಿ ಬಂದ 999ರ ಸಾಹಸದಲ್ಲಿ ಮಾತ್ರ ಅವರಿಗೆ ಎಡೆಯಿರಲಿಲ್ಲ.

ಈ ಕಟ್ಟಳೆಯನ್ನು 2022ರ ‘ವಿಕ್ರಮ್’ ಒಂದೇ ಒಂದು ಸಲ ಮುರಿಯುತ್ತದೆ. ಮನೆಗೆಲಸದ ಹೆಂಗಸೊಬ್ಬಳು, ಯಾರೂ ಗಮನಿಸದವಳು, ಮಗುವಿನ ಮೇಲೆ ಆಪತ್ತು ಎರಗಿದಾಗ ಕೈಗೆ ಸಿಕ್ಕ ಅಡುಗೆಮನೆಯ ಉಪಕರಣಗಳನ್ನೇ ಆಯುಧವಾಗಿಸಿಕೊಂಡು ಹೊಡೆದಾಡುತ್ತಾಳೆ. ಆಕೆಯೂ ಹಿಂದಿನ ಗೂಢಚಾರಿಣಿ, ಹೆಸರು ಟೀನಾ. ಆ ಪಾತ್ರಧಾರಿಣಿ ವಸಂತಿಯವರು ವರ್ಷಾನುಗಟ್ಟಲೆ ತಾರೆಯರ ಹಿಂದೆ ಸಮೂಹನೃತ್ಯದ ಸಾಲಿನಲ್ಲಿ ಕುಣಿದವರು. ಚಿತ್ರಮಂದಿರಗಳಲ್ಲಿ ನಾಯಕನಿಗೆ ಬೀಳುವಂಥ ಚಪ್ಪಾಳೆ ಆ ದೃಶ್ಯಕ್ಕೂ ಬಿದ್ದಿತು. ಕೌಟಿಲ್ಯನು ಕಂಡಿದ್ದರೆ ಇಡೀ ಚಿತ್ರದಲ್ಲಿ ನಿಜವಾದ ಚಾರಳೆಂದು ಆಕೆಯೊಬ್ಬಳನ್ನೇ ಗುರುತಿಸುತ್ತಿದ್ದನೇನೋ. ಆಕೆಯ ಪಾಲಿಗೆ ಬಂದುದು ಕೆಲವೇ ನಿಮಿಷ. ಅದೇ ಕಾಳಗದಲ್ಲಿ ಕಥೆ ಅವಳನ್ನು ಕೊಂದುಬಿಡುತ್ತದೆ.